ಹಲಗೆಯ ಹಿಂದೆ ಚಾಲಕ: ನನ್ನ ಅನುಭವ

ತಾನೇ ಓಡುವ ಕಾರಿನಲ್ಲಿ ಕೂತವರು ಹೇಗೆ ವರ್ತಿಸುತ್ತಾರೆ ಅನ್ನೋದು ನನ್ನ ಎಂ.ಟೆಕ್ ಪ್ರಾಜೆಕ್ಟ್. ಅಂಥ ಕಾರು ನಮ್ಮ ಹತ್ತಿರ ಇರಲಿಲ್ಲ. ಕಾರು ತಾನೇ ಓಡುತ್ತಿದೆ ಎಂದು ಒಳಗೆ ಕೂತವರಿಗೆ ಅನ್ನಿಸುವಂತೆ, ಚಾಲಕನನ್ನು ಮರೆಮಾಡಿ ನಿಜವಾದ ರಸ್ತೆಯಲ್ಲೇ ಓಡಿಸುವ ವಿಧಾನವೊಂದನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ್ದರು. ಅದನ್ನೇ ತುಮಕೂರಿನಲ್ಲಿ ಮಾಡಲು ಹೊರಟೆ.

ಮೊದಲು ಮುಂದಿನ ಎರಡು ಸೀಟುಗಳ ನಡುವೆ ಪ್ಲೈವುಡ್ ನಿಲ್ಲಿಸಿದೆ. ಚಾಲಕರಿಗೆ ಎಡಗನ್ನಡಿಯೇ ಕಾಣಲಿಲ್ಲ. ಕಾರು ಗೇಟು ದಾಟುವ ಮುಂಚೆಯೇ ಅದನ್ನು ಬಿಚ್ಚಿಸಿ, ಚಾಲಕರ ಬೆನ್ನ ಹಿಂದಕ್ಕೆ ಹಲಗೆ ಸರಿಸಿ, ಪ್ರಯಾಣಿಕರನ್ನು ಹಿಂದಿನ ಎಡಸೀಟಿನಲ್ಲಿ ಕೂರಿಸಿದೆ. ಕಾರು ಆಟೋಮ್ಯಾಟಿಕ್ ಆಗಿರಲೇಬೇಕು. ಕ್ಲಚ್ ಬಿಟ್ಟ ಒಂದು ಜರ್ಕ್ ಸಾಕು, ಒಳಗೆ ಮನುಷ್ಯನಿದ್ದಾನೆಂದು ಗೊತ್ತಾಗಿಬಿಡುತ್ತದೆ. ಬೆಳಗಿನ ಹೊತ್ತು, ಕ್ಯಾತ್ಸಂದ್ರದಿಂದ ಸಿದ್ಧಗಂಗಾ ಮಠದ ಕಡೆಗೆ, ನಿಧಾನವಾಗಿ. 11 ಜನ ಕೂತರು.

ನನಗೆ ಹೆಚ್ಚು ಕಲಿಸಿದ್ದು ಒಂದು ಪದ. ‘ಈ ವಾಹನದ ಮೇಲೆ ನಿಮಗೆ ಎಷ್ಟು ನಂಬಿಕೆ?’ ಎಂದು 1ರಿಂದ 7ರವರೆಗೆ ಅಂಕ ಕೇಳುತ್ತಿದ್ದೆ. ಒಬ್ಬ ಅಜ್ಜಿ ತಡವಿಲ್ಲದೆ 7 ಅಂದರು. ಯಾಕಜ್ಜಿ ಅಂದೆ. “ನೀನು ಕರ್ಕಂಡು ಬಂದಿದ್ದೀಯಲ್ಲಮ್ಮ, ನಂಬದೆ ಏನು!” ಅವರು ಅಂಕ ಕೊಟ್ಟಿದ್ದು ಕಾರಿಗಲ್ಲ, ನನಗೆ. ಅಂದೇ ಪ್ರಶ್ನೆ ಬದಲಾಯಿಸಿದೆ: “ಇದೇ ಕಾರಲ್ಲಿ ಮೊಮ್ಮಗನ್ನ ಒಬ್ಬನೇ ಸ್ಕೂಲಿಗೆ ಕಳಿಸ್ತೀರಾ?” ಅಜ್ಜಿ ಸೆರಗು ಸರಿಮಾಡಿಕೊಂಡು ಕಿಟಕಿಯಾಚೆ ನೋಡಿದರು. ಆಮೇಲೆ, “ಅದು ಬ್ಯಾಡ ಕಣಮ್ಮ” ಅಂದರು.

ಕೈಗೆ ಕಟ್ಟಿದ ನಾಡಿಮಿಡಿತದ ಬ್ಯಾಂಡ್ ಉಪಯೋಗಕ್ಕೆ ಬರಲಿಲ್ಲ. ಹಂಪ್ ಬಂದಾಗಲೆಲ್ಲ ಕೈ ಕುಲುಕಿ ಅಂಕಿ ಕೆಡುತ್ತಿತ್ತು. ಕಾಲಿನ ಹತ್ತಿರ ಇಟ್ಟ ಚಿಕ್ಕ ಕ್ಯಾಮೆರಾವೇ ನಿಜ ಹೇಳಿತು. ನಿವೃತ್ತ ಬಸ್ ಚಾಲಕರೊಬ್ಬರು ನೆಮ್ಮದಿಗೆ 6 ಅಂಕ ಕೊಟ್ಟಿದ್ದರು. ವಿಡಿಯೊದಲ್ಲಿ, ಎದುರಿಗೆ ಬೈಕ್ ಅಡ್ಡ ಬಂದ ಪ್ರತಿಸಲವೂ ಅವರ ಬಲಗಾಲು ಮ್ಯಾಟನ್ನು ಒತ್ತುತ್ತಿತ್ತು, ಹೆಬ್ಬೆರಳು ಚಪ್ಪಲಿಯಿಂದ ಹೊರಗೆ ಬರುವಷ್ಟು. ಇನ್ನೊಂದು, ಕಾರು ಹಾರ್ನ್ ಮಾಡದಂತೆ ಹೇಳಿದ್ದೆ. ವೇಗಕ್ಕಿಂತ ಆ ಮೌನಕ್ಕೇ ಜನ ಹೆಚ್ಚು ಚಡಪಡಿಸಿದರು.

ಚಾಲಕರಿದ್ದ ವಿಷಯವನ್ನು ಕೊನೆಯಲ್ಲಿ ಎಲ್ಲರಿಗೂ ಹೇಳಿ, ಅವರ ಮಾಹಿತಿ ಬಳಸಲು ಮತ್ತೆ ಒಪ್ಪಿಗೆ ಕೇಳುತ್ತಿದ್ದೆ. ಹೇಳದೆ ಬಿಟ್ಟರೆ ಅದು ಮೋಸ. ಆ ಬಸ್ ಚಾಲಕರು ಮಾತ್ರ ನಾನು ಬಾಯಿ ತೆರೆಯುವ ಮುಂಚೆಯೇ, “ಹಂಪನ್ನ ಓರೆಯಾಗಿ ಹತ್ತಿಸಿದರಲ್ಲ, ಕೈ ಪಳಗಿದೆ” ಅಂದರು. ಅವರ ಹಾಳೆಯನ್ನು ಬೇರೆ ಎತ್ತಿಟ್ಟೆ. ಅವರ ನಂತರ ಕಾರಿನಲ್ಲಿ ಕೂತವರಿಗೆಲ್ಲ, ಸತ್ಯ ಹೇಳುವ ಮೊದಲು, “ಕಾರನ್ನ ಯಾರು ಓಡಿಸ್ತಿದ್ರು ಅನ್ನಿಸ್ತು?” ಅಂತ ಕೇಳತೊಡಗಿದೆ.