ಮನೆಯ ಕಟಿಂಗ್ ಯಂತ್ರದಲ್ಲಿ ಕನ್ನಡ ಅಕ್ಷರದ ವಿನೈಲ್ ಸ್ಟಿಕರ್ ಮಾಡುವ ಬಗೆ

ಬಾಗಿಲಿಗೆ ಮನೆಯ ಹೆಸರು, ಅಡುಗೆಮನೆಯ ಡಬ್ಬಿಗಳಿಗೆ ಗುರುತು, ಶಾಲೆಗೆ ಹೋಗುವ ಮಕ್ಕಳ ನೀರಿನ ಬಾಟಲಿಗೆ ಅವರವರ ಹೆಸರು, ಹೀಗೆ ಏನೇ ಬೇಕಾದರೂ ಬೆಂಗಳೂರಿನವರು ಬಹುಕಾಲದಿಂದ ರೇಡಿಯಂ ಸ್ಟಿಕರ್ ಅಂಗಡಿಗೇ ಹೋಗುತ್ತ ಬಂದಿದ್ದಾರೆ. ಆ ಅಂಗಡಿಗಳಲ್ಲಿ ದೊಡ್ಡ ಪ್ಲಾಟರ್ ಮಾಡುವ ಕೆಲಸವನ್ನು ಕ್ರಿಕಟ್, ಸಿಲೂಯೆಟ್ ಕ್ಯಾಮಿಯೊ ಮುಂತಾದ ಮೇಜಿನ ಮೇಲಿಡುವ ಯಂತ್ರಗಳು ಚಿಕ್ಕ ಅಳತೆಯಲ್ಲಿ ಮಾಡುತ್ತವೆ. ಯಂತ್ರದ ಮೊನಚಾದ ಬ್ಲೇಡ್ ಬಣ್ಣದ ವಿನೈಲ್ ಪದರವನ್ನು ಮಾತ್ರ ಕತ್ತರಿಸಿ, ಅದರ ಅಡಿಯ ಕಾಗದವನ್ನು ಹಾಗೆಯೇ ಉಳಿಸುತ್ತದೆ. ಯಂತ್ರದ ಜೊತೆಗೆ ಬರುವ ಸೂಚನೆಗಳು ರೋಮನ್ ಅಕ್ಷರಗಳಿಗೆ ಸಾಕಾಗುತ್ತವೆ. ಆದರೆ ಕನ್ನಡದ ಒಂದೊಂದು ಪದದಲ್ಲೂ ಒತ್ತಕ್ಷರ, ದೀರ್ಘ, ಅರ್ಕಾವತ್ತು, ಮಹಾಪ್ರಾಣದ ಸೀಳುಗೆರೆ ಎಂದು ಚಿಕ್ಕಪುಟ್ಟ ತುಂಡುಗಳಿರುವುದರಿಂದ, ಕೆಲಸ ಕೆಡುವುದು ಹೆಚ್ಚಾಗಿ ಅಲ್ಲಿಯೇ. ಹಾಗಾಗಿ ಫಾಂಟ್, ಗಾತ್ರ, ಅಕ್ಷರದ ಸುತ್ತಲಿನ ಬೇಡದ ವಿನೈಲನ್ನು ಬಿಡಿಸುವ ಕ್ರಮ ಎಲ್ಲವನ್ನೂ ಪದದ ಅತಿ ಚಿಕ್ಕ ತುಂಡನ್ನು ನೋಡಿಯೇ ತೀರ್ಮಾನಿಸಬೇಕು.

ಮೊದಲು ವಿನೈಲ್ ವಿಚಾರ. ಗಟ್ಟಿ ಮೇಲ್ಮೈಗೆ ಅಂಟಿಸುವ ವಿನೈಲ್‌ನಲ್ಲಿ ಎರಡು ಜಾತಿಗಳಿವೆ. ನೀರು, ಬಿಸಿಲು, ತೊಳೆಯುವಿಕೆ ತಾಳಬೇಕಾದ ವಸ್ತುಗಳಿಗೆ ಶಾಶ್ವತ ಅಂಟಿನ ವಿನೈಲ್ ಬೇಕು. ಈ ಬಗೆಯಲ್ಲಿ ಒರಾಕಲ್ 651 ಹೆಚ್ಚು ಪರಿಚಿತವಾದದ್ದು. ಬಾಡಿಗೆ ಮನೆಯ ಗೋಡೆಯಂಥ, ಮುಂದೆ ಕಿತ್ತು ತೆಗೆಯಬೇಕಾದ ಕಡೆಗೆ ಒರಾಕಲ್ 631ರಂಥ ತೆಗೆಯಬಹುದಾದ ವಿನೈಲ್ ಸರಿಹೋಗುತ್ತದೆ. ನಾಮಫಲಕದ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ವಿನೈಲ್ ಕೇಳುವಾಗ ‘ಕಟಿಂಗ್ ವಿನೈಲ್’ ಎಂದೇ ಸ್ಪಷ್ಟವಾಗಿ ಹೇಳಬೇಕು, ಇಲ್ಲದಿದ್ದರೆ ಫ್ಲೆಕ್ಸ್ ಮುದ್ರಣಕ್ಕೆ ಬಳಸುವ ಬಿಳಿಯ ಪ್ರಿಂಟಿಂಗ್ ವಿನೈಲ್ ಕೈಗೆ ಬರುವುದುಂಟು. ಕತ್ತಲಲ್ಲಿ ಬೆಳಕು ಬಿದ್ದರೆ ಹೊಳೆಯುವ ರಿಫ್ಲೆಕ್ಟಿವ್ ಹಾಳೆ ದಪ್ಪವಾಗಿದ್ದು ಬ್ಲೇಡನ್ನು ಬೇಗ ಮೊಂಡಾಗಿಸುತ್ತದೆ. ಕಲಿಕೆಯ ಹಂತದಲ್ಲಿ ಅದರ ಗೊಡವೆ ಬೇಡ. ವಿನೈಲ್ ಅಲ್ಲದೆ 12 ಇಂಚು ಚೌಕದ ಅಂಟು ಮ್ಯಾಟ್, ಕೊಕ್ಕೆ ಮೊನೆಯ ಉಪಕರಣ, ಚಿಕ್ಕ ಚಿಮಟ, ಕತ್ತರಿಸಿದ ಅಕ್ಷರಗಳನ್ನು ಒಟ್ಟಾಗಿ ಎತ್ತಿ ಅಂಟಿಸಲು ಟ್ರಾನ್ಸ್‌ಫರ್ ಟೇಪ್, ಉಜ್ಜಲು ಒಂದು ಸ್ಕ್ವೀಜಿ ಬೇಕು. ಸ್ಕ್ವೀಜಿಗೆ ಬದಲಾಗಿ ಅವಧಿ ಮುಗಿದ ಎಟಿಎಂ ಕಾರ್ಡ್ ಬಳಸಿದರೂ ಯಾವ ಕೊರತೆಯೂ ಆಗುವುದಿಲ್ಲ. ಸಾದಾ ಕತ್ತರಿ, ಅಳತೆಪಟ್ಟಿಗಳನ್ನು ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಿ ಕೊಳ್ಳಬಹುದು.

ಪದವನ್ನು ಯಂತ್ರದ ತಂತ್ರಾಂಶದಲ್ಲೇ ನೇರವಾಗಿ ಟೈಪಿಸುವ ಆಸೆಯನ್ನು ಬಿಟ್ಟುಬಿಡುವುದು ಒಳ್ಳೆಯದು. ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆ ಸರಿಯಾಗಿಲ್ಲದ ತಂತ್ರಾಂಶದಲ್ಲಿ ‘ಉದ್ದಿನಬೇಳೆ’ಯ ದ-ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲೇ ನಿಲ್ಲಬಹುದು, ಗುಡಿಸು ಅಕ್ಷರಕ್ಕೆ ಸೇರದೆ ದೂರ ಸರಿಯಬಹುದು. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ತಪ್ಪಿಲ್ಲದೆ ಜೋಡಿಸುತ್ತದೆ. ಅದರಲ್ಲಿ ಪದವನ್ನು ಟೈಪಿಸಿ, ಫಾಂಟ್ ಆರಿಸಿ, ‘ಪಾತ್’ ಮೆನುವಿನಲ್ಲಿರುವ ‘ಆಬ್ಜೆಕ್ಟ್ ಟು ಪಾತ್’ ಆಜ್ಞೆಯಿಂದ ಅಕ್ಷರಗಳನ್ನು ಗೆರೆಗಳಾಗಿ ಬದಲಿಸಬೇಕು. ಬಳಿಕ ಗುಂಪನ್ನು ಬಿಡಿಸಿ, ಎಲ್ಲವನ್ನೂ ಒಟ್ಟಿಗೆ ಆಯ್ದು, ಆಕೃತಿಗಳನ್ನೆಲ್ಲ ಒಂದಾಗಿ ಬೆಸೆಯುವ ಅದೇ ಮೆನುವಿನ ‘ಯೂನಿಯನ್’ ಆಜ್ಞೆ ಕೊಡಬೇಕು. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಯೂನಿಕೋಡೇತರ ಫಾಂಟುಗಳಲ್ಲಿ ಟೈಪಿಸಿದ ಕಡತಗಳಿಗೂ ಇದೇ ದಾರಿ; ಗೆರೆಗಳಾಗಿ ಬದಲಿಸದೆ ಬೇರೆ ಕಂಪ್ಯೂಟರಿಗೆ ಕಳುಹಿಸಿದರೆ ಅಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.

ಯೂನಿಯನ್ ಮಾಡುವುದನ್ನು ಮರೆಯುವವರೇ ಹೆಚ್ಚು. ಕನ್ನಡ ಫಾಂಟುಗಳಲ್ಲಿ ಮೂಲಾಕ್ಷರ ಒಂದು ಆಕೃತಿ, ಅದಕ್ಕೆ ಹತ್ತುವ ಕೊಂಬೋ ಒತ್ತೋ ಇನ್ನೊಂದು ಆಕೃತಿ ಆಗಿರುವುದರಿಂದ, ಎರಡೂ ಸೇರುವ ಜಾಗದಲ್ಲಿ ಒಂದರ ಅಂಚು ಇನ್ನೊಂದರ ಒಳಗೆ ಹಾದುಹೋಗಿರುತ್ತದೆ. ಪರದೆಯ ಮೇಲೆ ಎರಡಕ್ಕೂ ಒಂದೇ ಬಣ್ಣ ತುಂಬಿರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ, ಆದರೆ ಬ್ಲೇಡ್ ಆ ಒಳಗೆರೆಯ ಮೇಲೂ ನಡೆದು ಅಕ್ಷರವನ್ನು ಸಂದಿಯಲ್ಲಿ ತುಂಡರಿಸುತ್ತದೆ. ಇಂಕ್‌ಸ್ಕೇಪಿನ ‘ವ್ಯೂ’ ಮೆನುವಿನಲ್ಲಿ ‘ಔಟ್‌ಲೈನ್’ ನೋಟಕ್ಕೆ ಬದಲಿಸಿ ನೋಡಿದರೆ ಬಣ್ಣವೆಲ್ಲ ಮಾಯವಾಗಿ ಬರಿಯ ಗೆರೆಗಳು ಉಳಿಯುತ್ತವೆ. ಅಕ್ಷರದ ದೇಹವನ್ನು ಅಡ್ಡ ಹಾಯುವ ಒಂದೇ ಒಂದು ಗೆರೆ ಕಂಡರೂ ಯೂನಿಯನ್ ಸರಿಯಾಗಿ ಆಗಿಲ್ಲವೆಂದೇ ಅರ್ಥ. ಯೂನಿಯನ್‌ನಿಂದ ಇನ್ನೊಂದು ಲಾಭವೂ ಇದೆ. ಕ್ರಿಕಟ್‌ನ ಡಿಸೈನ್ ಸ್ಪೇಸ್ ತಂತ್ರಾಂಶವು ವಿನೈಲ್ ಉಳಿಸುವ ನೆಪದಲ್ಲಿ ಬಿಡಿ ತುಂಡುಗಳನ್ನು ಮ್ಯಾಟಿನ ಮೇಲೆ ತನಗೆ ತೋಚಿದಂತೆ ಹೊಂದಿಸುತ್ತದೆ, ಆಗ ಒತ್ತುಗಳೆಲ್ಲ ಒಂದು ಮೂಲೆಗೆ, ಅಕ್ಷರಗಳೆಲ್ಲ ಇನ್ನೊಂದು ಮೂಲೆಗೆ ಹೋಗಿ ನಿಲ್ಲುತ್ತವೆ. ಇಡೀ ಪದ ಒಂದೇ ಪಾತ್ ಆಗಿದ್ದರೆ ಈ ಪೇಚಾಟವಿಲ್ಲ. ಬಿಡಿಯಾಗಿಯೇ ಇರಬೇಕಾದರೆ ‘ಅಟ್ಯಾಚ್’ ಆಜ್ಞೆ ಕೊಟ್ಟು ಅವುಗಳ ಸ್ಥಾನವನ್ನು ಬಿಗಿಮಾಡಬೇಕು. ಕಡತವನ್ನು ಎಸ್‌ವಿಜಿ ರೂಪದಲ್ಲಿ ಉಳಿಸಿಕೊಳ್ಳಿ. ಸಿಲೂಯೆಟ್ ಸ್ಟುಡಿಯೊದ ಉಚಿತ ಆವೃತ್ತಿ ಬಳಸುವವರು ಡಿಎಕ್ಸ್‌ಎಫ್ ಆಗಿ ಉಳಿಸಿಕೊಳ್ಳಬೇಕು. ಯಾವುದೇ ಆದರೂ ಯಂತ್ರದ ತಂತ್ರಾಂಶದಲ್ಲಿ ತೆರೆದ ಕೂಡಲೇ ಅಗಲ ಎತ್ತರಗಳನ್ನು ಇನ್ನೊಮ್ಮೆ ಪರೀಕ್ಷಿಸಬೇಕು, ಏಕೆಂದರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಅಳತೆ ಬದಲಾಗುವುದು ಸಾಮಾನ್ಯ.

ಫಾಂಟ್ ಆರಿಸುವಾಗ ಅಂದಕ್ಕಿಂತ ಗೆರೆಯ ದಪ್ಪ ಮುಖ್ಯ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ದೊರೆಯುವ ಅನೇಕ್ ಕನ್ನಡ, ಬಾಲೂ ತಮ್ಮ, ನೋಟೋ ಸ್ಯಾನ್ಸ್ ಕನ್ನಡ ಇವು ಮೂರೂ ಈ ಕೆಲಸಕ್ಕೆ ಒಗ್ಗುತ್ತವೆ. ದಪ್ಪ ತೆಳುವುಗಳ ವ್ಯತ್ಯಾಸ ಎದ್ದು ಕಾಣುವ ಸೆರಿಫ್ ಫಾಂಟುಗಳು ಪುಸ್ತಕದ ಪುಟಕ್ಕೆ ಚೆಂದವೇ ಹೊರತು ವಿನೈಲ್‌ಗೆ ಅಲ್ಲ; ತೆಳುಗೆರೆಗಳು ಬಿಡಿಸುವಾಗ ಎಳೆದುಕೊಂಡು ಹೋಗುತ್ತವೆ. ಹಾಗೆಂದು ಅತಿ ದಪ್ಪವೂ ಬೇಡ. ಅತಿ ದಪ್ಪದ ಫಾಂಟಿನಲ್ಲಿ ‘ಮೆಂತ್ಯ’ದ ಸೊನ್ನೆಯೊಳಗಿನ ರಂಧ್ರ ಮುಚ್ಚಿಹೋಗುವಷ್ಟು ಕಿರಿದಾಗುತ್ತದೆ. ಮಧ್ಯಮಕ್ಕಿಂತ ತುಸು ದಪ್ಪ, ಅಂದರೆ ಸೆಮಿಬೋಲ್ಡ್ ತೂಕವೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸುರಕ್ಷಿತ.

‘ಧನಿಯಾ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಮೇಲ್ನೋಟಕ್ಕೆ ಒತ್ತಿಲ್ಲದ, ಸುಲಭವಾದ ಪದ. ಆದರೆ ಧ ಅಕ್ಷರದ ಬುಡದಲ್ಲಿರುವ ಸೀಳುಗೆರೆ ಇಡೀ ಪದದಲ್ಲೇ ಅತಿ ಚಿಕ್ಕ ಭಾಗ. ಸುತ್ತಲಿನ ವಿನೈಲನ್ನು ಎಳೆಯುವಾಗ ಅದು ಅಂಟಿಕೊಂಡು ಮೇಲೆದ್ದರೆ ಡಬ್ಬಿಯ ಮೇಲೆ ‘ದನಿಯಾ’ ಉಳಿಯುತ್ತದೆ. ಮನೆಯವರು ಅರ್ಥಮಾಡಿಕೊಂಡಾರು, ಮಕ್ಕಳಿಗೆ ಕಾಗುಣಿತ ಕಲಿಸುವ ಅಜ್ಜಿ ಮಾತ್ರ ಸುಮ್ಮನಿರುವುದಿಲ್ಲ. ಆ ಗೆರೆ ಕನಿಷ್ಠ ಒಂದು ಮಿಲಿಮೀಟರ್ ಅಗಲವಿರುವಂತೆ ಪದದ ಗಾತ್ರವನ್ನು ಇಟ್ಟುಕೊಳ್ಳಬೇಕು. ಸೆಮಿಬೋಲ್ಡ್ ತೂಕದಲ್ಲಿ ಮೂಲಾಕ್ಷರದ ದೇಹ 12ರಿಂದ 15 ಮಿ.ಮೀ. ಎತ್ತರವಿದ್ದರೆ ಹೆಚ್ಚಿನ ಪದಗಳಿಗೆ ಇದು ಸಾಧ್ಯವಾಗುತ್ತದೆ. ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವಾಗಿರುವುದರಿಂದ ‘ಕೊತ್ತಂಬರಿ’, ‘ಉದ್ದಿನಬೇಳೆ’ಯಂಥವನ್ನು ಇನ್ನೂ ಸ್ವಲ್ಪ ದೊಡ್ಡದಾಗಿಸಬೇಕು. ಒಂದೇ ಸಾಲಿನ ಡಬ್ಬಿಗಳಿಗೆಲ್ಲ ಒಂದೇ ಗಾತ್ರ ಬೇಕೆಂದಿದ್ದರೆ, ಪಟ್ಟಿಯಲ್ಲಿರುವ ಅತಿ ಕಷ್ಟದ ಪದಕ್ಕೆ ಗಾತ್ರ ನಿಗದಿಮಾಡಿ ಉಳಿದವನ್ನು ಅದಕ್ಕೆ ಹೊಂದಿಸುವುದೇ ಸರಿ. ಒತ್ತುಗಳಿಗಾಗಿ ಕೆಳಗೆ ಜಾಗ ಬಿಡಬೇಕೆಂಬುದನ್ನೂ ಮರೆಯಬಾರದು. ‘ಸಾಸಿವೆ’ಯನ್ನೂ ‘ಮೆಂತ್ಯ’ವನ್ನೂ ಡಬ್ಬಿಯ ಮೇಲೆ ಕೆಳಅಂಚಿನಿಂದ ಅಳೆದು ಅಂಟಿಸಿದರೆ ಅಕ್ಷರಗಳ ಸಾಲು ಏರುಪೇರಾಗಿ ಕಾಣುತ್ತದೆ, ಅಳೆಯಬೇಕಾದದ್ದು ಮೂಲಾಕ್ಷರಗಳು ಕೂರುವ ಗೆರೆಯಿಂದ.

ದುಂಡನೆಯ ಡಬ್ಬಿಗೆ ಇನ್ನೊಂದು ಲೆಕ್ಕವಿದೆ. 12 ಸೆಂ.ಮೀ. ವ್ಯಾಸದ ಡಬ್ಬಿಯ ಸುತ್ತಳತೆ ಸುಮಾರು 38 ಸೆಂ.ಮೀ. ಎದುರಿಗೆ ನಿಂತವರಿಗೆ ಚೆನ್ನಾಗಿ ಕಾಣುವುದು ಅದರ ಮೂರರಲ್ಲೊಂದು ಪಾಲು ಮಾತ್ರವಾದ್ದರಿಂದ ಪದದ ಅಗಲ 10ರಿಂದ 12 ಸೆಂ.ಮೀ. ಮೀರಬಾರದು. ಉದ್ದದ ಹೆಸರನ್ನು ಕಿರಿದುಮಾಡುವ ಬದಲು ಎರಡು ಸಾಲಾಗಿ ಒಡೆಯಿರಿ.

ಕತ್ತರಿಸುವ ಮುನ್ನ ಪರೀಕ್ಷಾ ಕಟ್ ಮಾಡುವುದನ್ನು ಎಂದಿಗೂ ಬಿಡಬಾರದು. ವಿನೈಲನ್ನು ಬಣ್ಣದ ಭಾಗ ಮೇಲೆ ಬರುವಂತೆ ಮ್ಯಾಟಿನ ಮೇಲೆ ಗುಳ್ಳೆ ಇಲ್ಲದೆ ಒತ್ತಿ, ಮೂಲೆಯಲ್ಲಿ ಒಂದು ಸೆಂಟಿಮೀಟರಿನ ಚೌಕವನ್ನೂ ಅದರ ಪಕ್ಕದಲ್ಲಿ ನಿಮ್ಮ ಪದದ ಅತಿ ಚಿಕ್ಕ ಒತ್ತನ್ನೂ ಕತ್ತರಿಸಿ ನೋಡಬೇಕು. ಯಂತ್ರದವರು ಹೇಳುವ ಚೌಕ ಒತ್ತಡವನ್ನಷ್ಟೇ ತಿಳಿಸುತ್ತದೆ, ಒತ್ತಕ್ಷರವಾದರೋ ತಿರುವುಗಳಲ್ಲಿ ಬ್ಲೇಡ್ ಹೇಗೆ ನಡೆಯುತ್ತದೆಂಬುದನ್ನೂ ತಿಳಿಸುತ್ತದೆ. ವಿನೈಲ್ ಸಲೀಸಾಗಿ ಎದ್ದು, ಅಡಿಯ ಕಾಗದದ ಮೇಲೆ ತೆಳುವಾದ ಗೀಚು ಮಾತ್ರ ಉಳಿದರೆ ಒತ್ತಡ ಸರಿಯಿದೆ. ಕಾಗದವೂ ಕತ್ತರಿಸಿದ್ದರೆ ಒತ್ತಡ ಇಳಿಸಬೇಕು. ಮೂಲೆಗಳಲ್ಲಿ ವಿನೈಲ್ ಕಚ್ಚಿಕೊಂಡಿದ್ದರೆ ಮೊದಲು ಬ್ಲೇಡಿನ ತುದಿಯಲ್ಲಿ ಚೂರೇನಾದರೂ ಸಿಕ್ಕಿದೆಯೇ ನೋಡಿ, ಆಮೇಲೆ ಒತ್ತಡ ಏರಿಸಬೇಕು. ಪದ ಪೂರ್ತಿ ಕತ್ತರಿಸಿದ ಮೇಲೂ ಮ್ಯಾಟನ್ನು ಕೂಡಲೇ ಹೊರಗೆ ತೆಗೆಯದೆ ಒಂದು ತುದಿಯನ್ನು ಕೊಕ್ಕೆಯಿಂದ ಎತ್ತಿ ನೋಡಿದರೆ, ಆಳ ಸಾಲದಿದ್ದಲ್ಲಿ ಅದೇ ಗೆರೆಯ ಮೇಲೆ ಇನ್ನೊಮ್ಮೆ ಕತ್ತರಿಸಬಹುದು. ಮ್ಯಾಟ್ ಹೊರಗೆ ಬಂದಿತೆಂದರೆ ಆ ಗೆರೆ ಮತ್ತೆ ಸಿಗುವುದಿಲ್ಲ. ಮಳೆಗಾಲದ ಸಂಜೆ ಕರೆಂಟ್ ಹೋಗುವ ಬಡಾವಣೆಗಳಲ್ಲಿ ಯಂತ್ರವನ್ನು ಯುಪಿಎಸ್ ಪ್ಲಗ್ಗಿಗೆ ಹಾಕುವುದೂ ಇದೇ ಕಾರಣಕ್ಕೆ.

ಬೇಡದ ವಿನೈಲನ್ನು ಬಿಡಿಸುವುದು ಆತುರವಿಲ್ಲದ ಹೊತ್ತಿನಲ್ಲಿ, ಒಳ್ಳೆಯ ಬೆಳಕಿನಲ್ಲಿ ಮಾಡಬೇಕಾದ ಕೆಲಸ. ಪದದ ಸುತ್ತ ಅರ್ಧ ಸೆಂಟಿಮೀಟರ್ ದೂರದಲ್ಲಿ ಒಂದು ಆಯತವನ್ನೂ ಸೇರಿಸಿ ಕತ್ತರಿಸಿದ್ದರೆ ಹೊರಭಾಗ ಒಂದೇ ಪಟ್ಟಿಯಾಗಿ ಬರುತ್ತದೆ. ಒಂದು ಮೂಲೆಯಿಂದ ಹಿಡಿದು, ನೇರ ಮೇಲಕ್ಕೆ ಎತ್ತದೆ, ಕಾಗದದ ಮೇಲೆಯೇ ಮಡಚಿದಂತೆ ಓರೆಯಾಗಿ ನಿಧಾನಕ್ಕೆ ಎಳೆಯಬೇಕು. ಒತ್ತು, ದೀರ್ಘ, ಸೀಳುಗೆರೆಗಳ ಹತ್ತಿರ ಬಂದಾಗ ನಿಲ್ಲಿಸಿ, ಆ ತುಂಡನ್ನು ಕೊಕ್ಕೆಯ ಬೆನ್ನಿನಿಂದ ಒತ್ತಿಹಿಡಿದು ಮುಂದುವರಿಯಬೇಕು. ಹೊರಭಾಗ ಮುಗಿದ ನಂತರ ಅಕ್ಷರಗಳ ಹೊಟ್ಟೆಯೊಳಗಿನ ಭಾಗಗಳನ್ನು ಒಂದೊಂದಾಗಿ ಚುಚ್ಚಿ ತೆಗೆಯಬೇಕು. ಠ, ಥ ಅಕ್ಷರಗಳ ಒಳಗಿರುವ ಚುಕ್ಕೆ ಅಕ್ಷರದ್ದೇ ಭಾಗ, ತೆಗೆಯಬಾರದು ಎಂಬುದು ಗೊತ್ತಿದ್ದರೂ ಕೈ ಅಭ್ಯಾಸಬಲದಿಂದ ಅದನ್ನೂ ಕಿತ್ತುಬಿಡುತ್ತದೆ. ತುಂಡುಗಳು ತೀರ ಚಿಕ್ಕವಾಗಿದ್ದರೆ ಕ್ರಮವನ್ನೇ ತಿರುಗಿಸಬಹುದು: ಏನನ್ನೂ ಬಿಡಿಸದೆ ಮೊದಲು ಟ್ರಾನ್ಸ್‌ಫರ್ ಟೇಪ್ ಅಂಟಿಸಿ, ಅಡಿಯ ಕಾಗದವನ್ನು ಸುಲಿದು, ಬೇಡದ ವಿನೈಲನ್ನು ಹಿಂಬದಿಯಿಂದ ತೆಗೆದರೆ ಒತ್ತುಗಳು ಟೇಪಿಗೆ ಬಲವಾಗಿ ಕಚ್ಚಿಕೊಂಡು ಅಲುಗಾಡುವುದಿಲ್ಲ. ಸೀಳುಗೆರೆ ಕಳೆದುಹೋದರೆ ಇಡೀ ಪದವನ್ನು ಎಸೆಯಬೇಕಾಗಿಲ್ಲ. ಆ ಒಂದು ಅಕ್ಷರವನ್ನು ಮತ್ತೆ ಕತ್ತರಿಸಿ ಅದೇ ಜಾಗದಲ್ಲಿ ಕೂರಿಸಬಹುದು.

ಅಂಟಿಸುವ ಮೇಲ್ಮೈಯಲ್ಲಿ ಎಣ್ಣೆಯ ಸುಳಿವೂ ಇರಬಾರದು. ಹೊಸ ಸ್ಟೀಲ್ ಡಬ್ಬಿಗೆ ಪಾಲಿಶ್‌ನ ಜಿಡ್ಡು, ಹಳೆಯದಕ್ಕೆ ಒಗ್ಗರಣೆಯ ಜಿಡ್ಡು ಇದ್ದೇ ಇರುತ್ತದೆ. ಸಾಬೂನಿನಿಂದ ತೊಳೆದು, ಪೂರ್ತಿ ಒಣಗಿಸಿ, ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಪದದ ಮೇಲೆ ಟ್ರಾನ್ಸ್‌ಫರ್ ಟೇಪ್ ಹಾಕಿ ಎರಡೂ ಬದಿಯಿಂದ ಗಟ್ಟಿಯಾಗಿ ಉಜ್ಜಿ, ತಲೆಕೆಳಗು ಮಾಡಿ, ಈಗ ಟೇಪಿನಿಂದ ಕಾಗದವನ್ನು ಸುಲಿಯಬೇಕೇ ಹೊರತು ಕಾಗದದಿಂದ ಟೇಪನ್ನಲ್ಲ. ಒಂದು ಒತ್ತು ಕಾಗದದಲ್ಲೇ ಉಳಿದರೆ ಹಿಂದಕ್ಕೆ ಮಡಚಿ ಆ ಜಾಗವನ್ನು ಮತ್ತೊಮ್ಮೆ ಉಜ್ಜಿದರೆ ಎದ್ದು ಬರುತ್ತದೆ. ಡಬ್ಬಿಯ ಮೇಲೆ ಇಡುವಾಗ ಪದದ ನಡುಭಾಗವನ್ನು ಮೊದಲು ತಾಗಿಸಿ, ಅಲ್ಲಿಂದ ಎರಡೂ ತುದಿಗಳ ಕಡೆಗೆ ಒತ್ತುತ್ತ ಹೋದರೆ ಸುಕ್ಕು ಬೀಳುವುದಿಲ್ಲ. ಬಾಗಿಲಿನ ಗಾಜು, ನಯವಾದ ಗ್ರಾನೈಟ್‌ನಂಥ ಅಗಲದ ಮೇಲ್ಮೈಗೆ ದೊಡ್ಡ ಹೆಸರು ಅಂಟಿಸುವಾಗ ಒಂದೆರಡು ಹನಿ ಸಾಬೂನು ಬೆರೆಸಿದ ನೀರನ್ನು ಚಿಮುಕಿಸಿಕೊಂಡರೆ ಸರಿಸಿ ಹೊಂದಿಸಲು ಸಮಯ ಸಿಗುತ್ತದೆ, ಆದರೆ ಆಮೇಲೆ ನೀರನ್ನೆಲ್ಲ ಹೊರಗೆ ಒತ್ತಿ, ಒಣಗುವವರೆಗೆ ಕಾದು ಟೇಪ್ ತೆಗೆಯಬೇಕು. ಗಾಜಿನ ಒಳಬದಿಗೆ ಅಂಟಿಸಿ ಹೊರಗಿನಿಂದ ಓದಬೇಕಾದ ಹೆಸರನ್ನು ಕನ್ನಡಿಬಿಂಬವಾಗಿ ಕತ್ತರಿಸಬೇಕು. ವಾಹನದ ನಂಬರ್ ಪ್ಲೇಟಿನ ಮೇಲೆ ಈ ಕೈಚಳಕ ಬೇಡ, ಅಲ್ಲಿ ಯಾವ ಹೆಸರಿಗೂ ಕಾನೂನಿನ ಅನುಮತಿಯಿಲ್ಲ.

ಬಟ್ಟೆಗೆ ಬೇರೆಯೇ ವಿನೈಲ್ ಇದೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಹಳದಿ ಟೀಶರ್ಟಿನ ಮೇಲೆ ಕೆಂಪು ಅಕ್ಷರ ಹಾಕಬೇಕೆಂದರೆ ಬಿಸಿಯಿಂದ ಅಂಟುವ ಎಚ್‌ಟಿವಿ ಕೊಳ್ಳಬೇಕು. ಅದರ ಹೊಳೆಯುವ ಪ್ಲಾಸ್ಟಿಕ್ ಬದಿಯನ್ನು ಮ್ಯಾಟಿನ ಕಡೆಗೆ ಇಟ್ಟು, ಪದವನ್ನು ಕನ್ನಡಿಬಿಂಬವಾಗಿಸಿ ಕತ್ತರಿಸಬೇಕು. ಸೈಸರ್ ಈಸಿವೀಡ್‌ನಂಥ ಹಾಳೆಗೆ ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 10ರಿಂದ 15 ಸೆಕೆಂಡಿನ ಒತ್ತು ಸಾಕು. ಮನೆಯ ಇಸ್ತ್ರಿ ಪೆಟ್ಟಿಗೆಯಾದರೆ ಆವಿ ನಿಲ್ಲಿಸಿ, ಗಟ್ಟಿ ಹಲಗೆಯ ಮೇಲೆ ಬಟ್ಟೆ ಹಾಸಿ, ಎಳೆದಾಡದೆ ಒತ್ತಿಹಿಡಿಯಬೇಕು.

ಡಬ್ಬಿಗೆ ಅಂಟಿಸಿದ ಅಕ್ಷರಗಳನ್ನು ಕನಿಷ್ಠ ಒಂದು ದಿನ, ಸಾಧ್ಯವಾದರೆ ಮೂರು ದಿನ ತೊಳೆಯಬಾರದು. ಆಮೇಲೆ ಮೆತ್ತನೆಯ ಸ್ಪಂಜು ಸಾಕು. ಉಕ್ಕಿನ ಸ್ಕ್ರಬ್ಬರ್ ತಾಗಿದರೆ ಮೊದಲು ಏಳುವುದು ಒತ್ತಕ್ಷರಗಳ ಅಂಚು. ಲೋಟದ ತುಟಿ ತಾಗುವ ಭಾಗಕ್ಕೆ, ಪಾತ್ರೆಯ ಒಳಮೈಗೆ ವಿನೈಲ್ ಹಚ್ಚಬಾರದು, ಒಲೆಯ ಮೇಲೇರುವ ಪಾತ್ರೆಗಂತೂ ಬೇಡವೇ ಬೇಡ. ಅಂಥವಕ್ಕೆ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಸುವ ಹಳೆಯ ಪದ್ಧತಿಯೇ ಮೇಲು. ಡಬ್ಬಿಯಲ್ಲಿ ತುಂಬಿದ ಪದಾರ್ಥ ಬದಲಾಗಿ ಹೆಸರು ತೆಗೆಯಬೇಕಾದಾಗ ಹೇರ್ ಡ್ರೈಯರ್‌ನಿಂದ ಬಿಸಿಮಾಡಿ, ಉಗುರಿನಿಂದ ಒಂದು ತುದಿ ಎತ್ತಿ ನಿಧಾನವಾಗಿ ಸುಲಿಯಿರಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಉಜ್ಜಿ ಸಾಬೂನಿನಲ್ಲಿ ತೊಳೆದರೆ ಮುಂದಿನ ಹೆಸರಿಗೆ ಡಬ್ಬಿ ಸಿದ್ಧವಾಗುತ್ತದೆ.