ಮುಚ್ಚಳ ಎತ್ತದ ಹೆಣ್ಣು ಕಾಕಪೊಗೆ ಹಾಪರ್ ರೂಢಿಸಿದ್ದು

ನ್ಯೂಜಿಲೆಂಡಿನ ಫೆನುವಾ ಹೌ ದ್ವೀಪದಲ್ಲಿ ಸ್ವಯಂಸೇವಕರಾಗಿ ಕಾಕಪೊಗಳಿಗೆ, ಅಂದರೆ ಅಳಿವಿನಂಚಿನಲ್ಲಿರುವ ಹಾರಲಾರದ ಗಿಳಿಗಳಿಗೆ, ಪೂರಕ ಆಹಾರ ಇಟ್ಟು ಬಂದವರಿಗೆ ಹಾಪರನ್ನು (ಹಕ್ಕಿಯೇ ಮುಚ್ಚಳ ಎತ್ತಿ ತಿನ್ನಬೇಕಾದ ಆಹಾರದ ಪೆಟ್ಟಿಗೆಯನ್ನು) ಮುಟ್ಟದ ಒಂದೆರಡು ಹಕ್ಕಿಗಳ ಪರಿಚಯ ಇದ್ದೇ ಇರುತ್ತದೆ. ನನ್ನ ಪಾಲಿಗೆ ಬಂದ ಹೆಣ್ಣು ರಾತ್ರಿಯೆಲ್ಲ ಅದರ ಸುತ್ತ ಸುಳಿದಾಡಿ, ಪಕ್ಕದ ಗಿಡದ ಎಲೆಯನ್ನು ಅಗಿದು ರಸ ಹೀರಿ, ನಾರಿನ ಉಂಡೆಯನ್ನು ಗಿಡದಲ್ಲೇ ನೇತುಬಿಟ್ಟು ಹೋಗುತ್ತಿತ್ತೇ ಹೊರತು ಮುಚ್ಚಳಕ್ಕೆ ಕೊಕ್ಕು ತಾಗಿಸುತ್ತಿರಲಿಲ್ಲ. ಅದು ಕಲಿಯುವುದಿಲ್ಲ, ಬಿಟ್ಟುಬಿಡಿ ಎಂದು ಜೊತೆಯವರು ಹೇಳುತ್ತಿದ್ದರು.

ಮುಚ್ಚಳವನ್ನು ಪೂರ್ತಿ ತೆರೆದು ಕಟ್ಟಿದಾಗ ಹಕ್ಕಿ ತಿಂದಿತು. ಆದರೆ ಮಳೆಗೆ ಆಹಾರದ ಗುಳಿಗೆಗಳು ಗಂಜಿಯಾದವು, ಮುಚ್ಚಿದ ದಿನದಿಂದ ಅದು ಮತ್ತೆ ದೂರವಾಯಿತು. ತಂಡದ ಒಪ್ಪಿಗೆ ಪಡೆದು, ಮುಚ್ಚಳದ ಕೆಳಗೆ ಆನಿಸುವ ಆಪುಗಳನ್ನು (ಬೆಣೆಗಳನ್ನು) ಮಾಡಿಕೊಂಡೆ. ಮೊದಲು ಮಾಡಿದ ಮರದ ಆಪುಗಳು ದ್ವೀಪಕ್ಕೆ ಹೋಗುವ ಮುನ್ನವೇ ಕೀಟ, ಬೀಜಗಳ ತಪಾಸಣೆಯಲ್ಲಿ ಹಿಂದೆ ಬಂದವು. ಪ್ಲಾಸ್ಟಿಕ್ ಆಪು, ಹಗುರ ಮುಚ್ಚಳ, ಉಪ್ಪುಗಾಳಿಗೆ ತುಕ್ಕು ಹಿಡಿದ ತಿರುಗಣೆಯ ಬದಲಿಗೆ ಸ್ಟೇನ್‌ಲೆಸ್ ಉಕ್ಕಿನದು ಎಂದು ಸುಮಾರು ಮುನ್ನೂರು ಡಾಲರು ನನ್ನ ಕೈಯಿಂದ ಹೋಯಿತು. 1998ರಲ್ಲಿ ಅಲ್ಲಿನ ಇಲಿಗಳನ್ನು ನಿರ್ಮೂಲ ಮಾಡಿರದಿದ್ದರೆ ತೆರೆದ ಹಾಪರಿನ ಮಾತೇ ಇರುತ್ತಿರಲಿಲ್ಲ.

ಉಳಿದ ಆಹಾರವನ್ನು ಬೆಳಿಗ್ಗೆ ತೂಗಿ, ಹಕ್ಕಿ ತಿಂದದ್ದು ಖಾತ್ರಿಯಾದ ದಿನ ಮಾತ್ರ ಮುಚ್ಚಳವನ್ನು ಬೆರಳಗಲದಷ್ಟು ಇಳಿಸುತ್ತಿದ್ದೆ. ಅರ್ಧಕ್ಕೆ ಬಂದಾಗ ಅದು ಹಟ ಹಿಡಿಯಿತು. ಕಾಕಪೊಗೆ ಮೂಗು ಚುರುಕು. ಆದ್ದರಿಂದ ಗುಳಿಗೆಯ ಪುಡಿಯನ್ನು ಹಾಪರಿನ ಒಂದು ಜಾಗಕ್ಕೆ ಉಜ್ಜಿದೆ. ಆ ಜಾಗ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಮುಚ್ಚಳದ ಮೇಲ್ಮೈಗೆ ಉಜ್ಜಿ ನೋಡಿದ ಪಕ್ಕದ ಹಾಪರಿನಲ್ಲಿ ಮಾತ್ರ ಹಕ್ಕಿ ಮುಚ್ಚಳವನ್ನೇ ಕಡಿದು ಹಾಳು ಮಾಡಿತು.

ತಿನ್ನಲು ಕಲಿತ ಮೇಲೆ ಸುಮ್ಮನೆ ಸುರಿಯುವುದೂ ಸಲ್ಲದು. ಹೆಚ್ಚು ಆಹಾರ ಕೊಟ್ಟು ಕೊಬ್ಬಿಸಿದ ಹೆಣ್ಣುಗಳಿಗೆ ಗಂಡುಮರಿಗಳೇ ಹೆಚ್ಚು ಹುಟ್ಟಿದ್ದನ್ನು ಕಂಡು, 2002ರ ಹೊತ್ತಿಗೆ ತೂಕ ನೋಡಿ ಪಡಿ ಅಳೆಯುವ ಕ್ರಮ ಬಂತು. ಆ ವರ್ಷ ಬದುಕುಳಿದ 24 ಮರಿಗಳಲ್ಲಿ 15 ಹೆಣ್ಣು. ಕೂಡುವ ಕಾಲಕ್ಕೆ ಹೆಣ್ಣು ಒಂದೂವರೆ ಕಿಲೊ ದಾಟಬಾರದು. ರಿಮು ಮರಗಳು ಹಣ್ಣು ಬಿಡುವ ವರ್ಷವಷ್ಟೇ ಇವು ಮೊಟ್ಟೆ ಇಡುವುದರಿಂದ ಒಂದು ಅವಕಾಶ ತಪ್ಪಿದರೆ ಮತ್ತೆ ಎರಡರಿಂದ ನಾಲ್ಕು ವರ್ಷ ಕಾಯಬೇಕು.

ನನ್ನ ಹಕ್ಕಿ ಈಗ ಒಂದೇ ಏಟಿಗೆ ಮುಚ್ಚಳ ಎತ್ತುತ್ತದೆ. ಹೀಯಾಳಿಸಿದವರೇ ಆಪುಗಳ ಅಳತೆ ಕೇಳಿದರು, ಅಳತೆ ಕೊಟ್ಟೆ. ಅದರ ತೂಕ ಏರತೊಡಗಿದ್ದರಿಂದ ಕೊನೆಗೆ ಪಡಿಯನ್ನು ಅರ್ಧಕ್ಕೆ ಇಳಿಸಬೇಕಾಯಿತು.