ಡಾಕ್ಟರ್ ಬೋರ್ಡ್ ಓದುವುದು ಹೇಗೆ?

ಮುಂಬೈಯಲ್ಲಿ ಮನೆ ಬದಲಿಸಿದವರಿಗೆ ಹೊಸ ಏರಿಯಾದಲ್ಲಿ ಒಬ್ಬ ಡಾಕ್ಟರ್ ಬೇಕೇ ಬೇಕು. ಹುಡುಕುವ ರೀತಿ ಮಾತ್ರ ಬಹಳ ಮನೆಗಳಲ್ಲಿ ಒಂದೇ. ಬೋರ್ಡ್ ನೋಡುತ್ತಾರೆ. ಯಾರ ಹೆಸರಿನ ಜೊತೆ ಅಕ್ಷರ ಜಾಸ್ತಿ ಇದೆಯೋ ಅವರೇ ದೊಡ್ಡ ಡಾಕ್ಟರ್ ಎಂದುಕೊಂಡು ಒಳಗೆ ಹೋಗುತ್ತಾರೆ. ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಎಲ್ಲ ಕಡೆ ನಮ್ಮ ಕನ್ನಡದ ಮನೆಗಳಲ್ಲಿ ಇದನ್ನೇ ನೋಡುತ್ತಾ ಬಂದಿದ್ದೇನೆ. ಊರಿನಿಂದ ಅಪ್ಪ ಅಮ್ಮ ಬಂದಾಗಲಂತೂ ಆತುರ ಇನ್ನೂ ಜಾಸ್ತಿ. ಡಾಕ್ಟರ್ ತುಳುವಿನಲ್ಲೋ ಕನ್ನಡದಲ್ಲೋ ನಾಲ್ಕು ಮಾತಾಡಿದರೆ ಮುಗಿಯಿತು, ಮತ್ತೆ ಯಾರೂ ಏನೂ ಕೇಳುವುದಿಲ್ಲ.

ನಮ್ಮ ಭಾಷೆ ಮಾತಾಡುವ ಡಾಕ್ಟರ್ ಸಿಕ್ಕರೆ ಒಳ್ಳೆಯದೇ. ಆದರೆ ಬೋರ್ಡಿನಲ್ಲಿ ನಿಜವಾಗಿ ನೋಡಬೇಕಾದ್ದು ಒಂದೇ, ನೋಂದಣಿ ನಂಬರ್, ಅಂದರೆ ಡಾಕ್ಟರ್‌ಗಳ ಕೌನ್ಸಿಲ್ ತನ್ನ ಪಟ್ಟಿಗೆ ಸೇರಿಸಿಕೊಂಡು ಕೊಡುವ ನಂಬರ್. ಉಳಿದದ್ದೆಲ್ಲ ಅದರ ಜೊತೆ ತಾಳೆ ಆಗಬೇಕು. ಇದನ್ನು ಆರಾಮಾಗಿರುವ ದಿನ ಮಾಡಿಟ್ಟುಕೊಳ್ಳಿ. ಎದೆನೋವು, ಅಪಘಾತ ಅಂದಾಗ ಬೋರ್ಡ್ ಓದುತ್ತಾ ನಿಲ್ಲಬೇಡಿ, 108ಕ್ಕೆ ಫೋನ್ ಮಾಡಿ.

ಹೆಜ್ಜೆ 1: ಬೋರ್ಡಿನ ಫೋಟೋ ತೆಗೆಯಿರಿ

ಹೊರಗಿನ ಬೋರ್ಡ್ ಒಂದು, ಹಳೇ ಚೀಟಿ ಇದ್ದರೆ ಅದೊಂದು. ಎರಡೂ ಇರಲಿ. ಇಷ್ಟು ಸಾಕು.

ಹೆಜ್ಜೆ 2: ಚಿತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ

ಬೋರ್ಡಿನ ಮೇಲೆ, ಕಾರಿನ ಗಾಜಿನ ಮೇಲೆ ಕೆಂಪು ಕ್ರಾಸ್ ಇದ್ದರೆ ಜನರಿಗೆ ಧೈರ್ಯ ಬರುತ್ತದೆ. ಆ ಗುರುತಿಗೂ ಪದವಿಗೂ ಸಂಬಂಧವೇ ಇಲ್ಲ. 1864ರಿಂದ ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವವರ ರಕ್ಷಣೆಗೆ ಇಟ್ಟ ಗುರುತು ಅದು. ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಬಳಸುವ ಹಾಗೇ ಇಲ್ಲ. ಖಾಸಗಿ ಕ್ಲಿನಿಕ್‌ಗಳೂ ಔಷಧಿ ಅಂಗಡಿಗಳೂ ಅಭ್ಯಾಸದಿಂದ ಹಾಕಿಕೊಳ್ಳುತ್ತವೆ, ಅಷ್ಟೇ.

ಹಾವು ಸುತ್ತಿದ ಕೋಲೂ ಹಾಗೆಯೇ. ಒಂದೇ ಹಾವು ಇದ್ದರೆ ಅದು ಗ್ರೀಕರ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕೋಲು. ಎರಡು ಹಾವು, ಮೇಲೆ ರೆಕ್ಕೆ ಇದ್ದರೆ ಅದು ಹರ್ಮಿಸ್ ಎಂಬ ಬೇರೆ ದೇವರದು. 1902ರಲ್ಲಿ ಅಮೆರಿಕದ ಸೈನ್ಯದ ವೈದ್ಯ ವಿಭಾಗ ಅದನ್ನು ತೆಗೆದುಕೊಂಡ ಮೇಲೆ ಎಲ್ಲ ಕಡೆ ಹರಡಿತು. ಯಾರು ಬೇಕಾದರೂ ಪೇಂಟರ್‌ಗೆ ಹೇಳಿ ಇದನ್ನು ಬರೆಸಬಹುದು.

ಫೋನಿನ ಆ್ಯಪ್‌ಗಳಲ್ಲಿ ಕಾಣುವ ನಕ್ಷತ್ರಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ನಕ್ಷತ್ರ ಕೊಟ್ಟವರು ಏನು ಬರೆದಿದ್ದಾರೆ ಎಂದು ಓದಿ ನೋಡಿ. ಜಾಸ್ತಿ ಹೊತ್ತು ಕಾಯಿಸಲಿಲ್ಲ, ರಿಸೆಪ್ಷನ್‌ನವರು ಚೆನ್ನಾಗಿ ಮಾತಾಡಿದರು, ಎಸಿ ಇತ್ತು, ಇಂಥವೇ ಜಾಸ್ತಿ. ರೋಗ ಸರಿಯಾಗಿ ಪತ್ತೆ ಮಾಡಿದರೇ ಇಲ್ಲವೇ ಎಂಬುದು ಅದರಲ್ಲಿ ಸಿಗುವುದು ಅಪರೂಪ. ನಕ್ಷತ್ರ ನೋಡಿ ಡಾಕ್ಟರನ್ನು ಆರಿಸುವುದು ನನಗೆ ಸುತರಾಂ ಒಪ್ಪಿಗೆ ಇಲ್ಲ.

ಹೆಜ್ಜೆ 3: ಮೊದಲ ಪದವಿ ಯಾವುದು?

ಅಕ್ಷರಗಳ ಸಾಲಿನಲ್ಲಿ ಮೊದಲು ಹುಡುಕಬೇಕಾದ್ದು ಮೂಲ ಪದವಿ. ಎಂಬಿಬಿಎಸ್ ಅಂದರೆ ಅಲೋಪಥಿ, ಬಿಎಎಂಎಸ್ ಆಯುರ್ವೇದ, ಬಿಎಚ್‌ಎಂಎಸ್ ಹೋಮಿಯೋಪಥಿ, ಬಿಯುಎಂಎಸ್ ಯುನಾನಿ, ಬಿಡಿಎಸ್ ಹಲ್ಲಿನದು. ಎಂಬಿಬಿಎಸ್, ಬಿಎಎಂಎಸ್, ಬಿಎಚ್‌ಎಂಎಸ್ ಮೂರಕ್ಕೂ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಯಾವುದೂ ಸುಮ್ನೆ ಸಿಗುವ ಪದವಿ ಅಲ್ಲ. ಆದರೆ ಓದಿದ್ದು ಬೇರೆ ಬೇರೆ ಶಾಸ್ತ್ರ, ಅದು ಗೊತ್ತಿರಬೇಕು.

ಇದು ಯಾಕೆ ಮುಖ್ಯ ಅಂದರೆ, 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಇದೇ ಮುಂಬೈಯ ಒಂದು ಪ್ರಕರಣದಲ್ಲಿ. ಹೋಮಿಯೋಪಥಿ ಓದಿದವರೊಬ್ಬರು ಜ್ವರದ ರೋಗಿಗೆ ಅಲೋಪಥಿ ಔಷಧಿ ಕೊಟ್ಟಿದ್ದರು, ರೋಗಿ ತೀರಿಕೊಂಡರು. ತಾನು ಓದದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ ಎಂದು ಕೋರ್ಟ್ ಹೇಳಿತು. ಆಮೇಲೆ 2014ರಲ್ಲಿ ಮಹಾರಾಷ್ಟ್ರ ಕಾನೂನು ತಿದ್ದಿತು. ಸಿಸಿಎಂಪಿ ಎಂಬ ಒಂದು ವರ್ಷದ ಕೋರ್ಸ್ ಮಾಡಿದ ಹೋಮಿಯೋಪಥಿ ಡಾಕ್ಟರ್‌ಗಳು ಅಲೋಪಥಿ ಔಷಧಿ ಬರೆಯಲು ಅದರಲ್ಲಿ ದಾರಿ ಮಾಡಿಕೊಡಲಾಯಿತು. ಅಲೋಪಥಿ ಡಾಕ್ಟರ್‌ಗಳ ಸಂಘಗಳು ಇದನ್ನು ವಿರೋಧಿಸಿ ಕೋರ್ಟಿಗೂ ಹೋದವು, ಬೀದಿಗೂ ಇಳಿದವು. ಹಾಗಾಗಿ ಬೋರ್ಡಿನಲ್ಲಿ ಬಿಎಚ್‌ಎಂಎಸ್ ಜೊತೆ ಸಿಸಿಎಂಪಿ ಕಂಡರೆ ಅದು ಏನೆಂದು ನಿಮಗೆ ತಿಳಿದಿರಲಿ.

ಹೆಜ್ಜೆ 4: ಉಳಿದ ಅಕ್ಷರಗಳನ್ನು ಜಾಲಿಸಿ

ಎಂ.ಡಿ., ಎಂ.ಎಸ್. ಎರಡೂ ಎಂಬಿಬಿಎಸ್ ಆದ ಮೇಲೆ ಮೂರು ವರ್ಷದ ಓದು. ಅದರ ಮೇಲೆ ಇನ್ನೂ ಮೂರು ವರ್ಷ ಓದಿದರೆ ಡಿ.ಎಂ. ಅಥವಾ ಎಂ.ಸಿಎಚ್. ಹೃದಯ, ನರ, ಕಿಡ್ನಿಯಂಥ ವಿಭಾಗಗಳಲ್ಲಿ ಇವನ್ನು ನೋಡುತ್ತೀರಿ. ಡಿಎನ್‌ಬಿ ಕಂಡರೆ ಎಂ.ಡಿ.ಗಿಂತ ಕಡಿಮೆ ಎಂದು ಮೂಗು ಮುರಿಯುವವರಿದ್ದಾರೆ. ಅದು ತಪ್ಪು. ಇಡೀ ದೇಶಕ್ಕೆ ಒಂದೇ ಮಟ್ಟದ ಪರೀಕ್ಷೆ ಅದು, ಪಾಸಾಗುವುದು ಸುಲಭ ಅಲ್ಲ.

ಎಡವುವುದು ಎಂ.ಡಿ. ಎಂಬ ಎರಡಕ್ಷರದಲ್ಲಿ. ಪಕ್ಕದಲ್ಲಿ ಸಣ್ಣಗೆ ಆಯು ಎಂದಿದ್ದರೆ ಅದು ಆಯುರ್ವೇದದ ಎಂ.ಡಿ. ಹೋಮ್ ಎಂದಿದ್ದರೆ ಹೋಮಿಯೋಪಥಿಯದು. ಎ.ಎಂ. ಎಂದಿದ್ದರೆ ಆಲ್ಟರ್ನೇಟಿವ್ ಮೆಡಿಸಿನ್, ಅದಕ್ಕೆ ಮಾನ್ಯತೆಯೇ ಇಲ್ಲ. ರಷ್ಯಾ, ಜಾರ್ಜಿಯಾ ಎಂದು ದೇಶದ ಹೆಸರಿದ್ದರೆ ಇನ್ನೊಂದು ಸಂಗತಿ. ಅಲ್ಲಿ ಮೊದಲ ವೈದ್ಯ ಪದವಿಯ ಹೆಸರೇ ಎಂ.ಡಿ. ಅಂದರೆ ಅದು ಇಲ್ಲಿನ ಎಂಬಿಬಿಎಸ್‌ಗೆ ಸಮ. ಅಲ್ಲಿ ಓದಿ ಬಂದವರು ಇಲ್ಲಿ ಎಫ್‌ಎಂಜಿಇ ಪರೀಕ್ಷೆ ಪಾಸಾಗಿ ನೋಂದಣಿ ಮಾಡಿಸಿದ್ದರೆ ಅವರು ಪೂರ್ತಿ ಡಾಕ್ಟರೇ. ಸ್ಪೆಷಲಿಸ್ಟ್ ಎಂದು ಮಾತ್ರ ತಿಳಿಯಬೇಡಿ. ಮರಾಠಿ ಬೋರ್ಡುಗಳಲ್ಲೂ ಈ ಸಣ್ಣಕ್ಷರ ಇರುತ್ತದೆ, ದೇವನಾಗರಿಯಲ್ಲಿ. ಬಾಗಿಲ ಹತ್ತಿರ ಹೋಗಿ ಓದಿ.

ಮುಂಬೈಯಲ್ಲಿ ಹಳೇ ಬೋರ್ಡುಗಳ ಮೇಲೆ ಎಫ್‌ಸಿಪಿಎಸ್, ಡಿಜಿಒ, ಡಿಸಿಎಚ್ ಜಾಸ್ತಿ ಕಾಣುತ್ತವೆ. ಎಫ್‌ಸಿಪಿಎಸ್ ಪರೇಲ್‌ನ ಕಾಲೇಜ್ ಆಫ್ ಫಿಸಿಷಿಯನ್ಸ್ ಆ್ಯಂಡ್ ಸರ್ಜನ್ಸ್ ಕೊಡುವುದು. 1912ರಲ್ಲಿ ಶುರುವಾದ ಸಂಸ್ಥೆ ಅದು. ಡಿಜಿಒ ಹೆರಿಗೆ ಮತ್ತು ಸ್ತ್ರೀರೋಗದ ಡಿಪ್ಲೊಮಾ, ಡಿಸಿಎಚ್ ಮಕ್ಕಳದು. ಎಂಬಿಬಿಎಸ್ ಜೊತೆ ಇದ್ದರೆ ಇವೆಲ್ಲ ಓದಿ ಪಡೆದವೇ. ಸಿಸಿಎಚ್, ಸಿಜಿಒ ಬೇರೆ. ಡಿ ಬದಲು ಸಿ ಇದೆ ಅಲ್ವಾ, ಅದು ಡಿಪ್ಲೊಮಾ ಅಲ್ಲ, ಸರ್ಟಿಫಿಕೇಟ್. ಬಿಎಎಂಎಸ್, ಬಿಎಚ್‌ಎಂಎಸ್ ಬೋರ್ಡುಗಳಲ್ಲಿ ಇವು ಸಾಮಾನ್ಯ. ಅದನ್ನು ನೋಡಿ ಮಕ್ಕಳ ಸ್ಪೆಷಲಿಸ್ಟ್ ಎಂದುಕೊಳ್ಳಬೇಡಿ.

ಇನ್ನು ಎಂ ಅಥವಾ ಎಫ್‌ನಿಂದ ಶುರುವಾಗುವ ಉದ್ದನೆಯ ಅಕ್ಷರಗಳು. ಕೆಲವು ಪರೀಕ್ಷೆ ಬರೆದು ಬರುವವು, ಬ್ರಿಟನ್ನಿನ ಎಂಆರ್‌ಸಿಪಿ ಅಂಥದ್ದು. ಎಫ್‌ಆರ್‌ಸಿಪಿ ಹಾಗಲ್ಲ, ಕೆಲಸ ನೋಡಿ ಆರಿಸಿ ಕೊಡುವ ಗೌರವ. ಇನ್ನು ಕೆಲವು ಬರೀ ಸಂಘದ ಸದಸ್ಯತ್ವ, ವರ್ಷಕ್ಕಿಷ್ಟು ಎಂದು ದುಡ್ಡು ಕಟ್ಟಿದರೆ ಸಿಗುತ್ತವೆ. ಎಕ್ಸ್-ರಿಜಿಸ್ಟ್ರಾರ್, ಕೆಇಎಂ ಎಂದು ಬರೆದಿದ್ದರೆ ಅವರು ಅಲ್ಲಿ ರೆಸಿಡೆಂಟ್, ಅಂದರೆ ತರಬೇತಿಯ ಹಂತದ ಡಾಕ್ಟರ್ ಆಗಿ ದುಡಿದಿದ್ದಾರೆ ಎಂದರ್ಥ. ಅಷ್ಟು ದೊಡ್ಡ ಮುನ್ಸಿಪಲ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಅನುಭವಕ್ಕೆ ಬೆಲೆ ಇದೆ, ಆದರೆ ಅದು ಪದವಿ ಅಲ್ಲ. ಬಿಇಎಂಎಸ್ ಕಂಡರೆ ಹೊರಗೆ ಬನ್ನಿ. ಅದು ಎಲೆಕ್ಟ್ರೋಪಥಿ, ಮಾನ್ಯತೆ ಪಡೆದ ವೈದ್ಯ ಪದವಿಗಳಲ್ಲಿ ಅದಿಲ್ಲ.

ಹೆಜ್ಜೆ 5: ನಂಬರ್ ತಾಳೆ ನೋಡಿ

ಜನ ಕೈಬಿಡುವುದು ಇದನ್ನೇ. ಇದೊಂದು ಮಾಡಿದರೆ ಮೇಲಿನ ಎಲ್ಲ ಗೊಂದಲ ತನ್ನಿಂದ ತಾನೇ ತೀರುತ್ತದೆ.

2002ರ ವೈದ್ಯರ ನಡವಳಿಕೆ ನಿಯಮಗಳ ಪ್ರಕಾರ ನೋಂದಣಿ ನಂಬರ್ ಕ್ಲಿನಿಕ್‌ನಲ್ಲಿ ಕಾಣುವ ಹಾಗಿರಬೇಕು. ಔಷಧಿ ಚೀಟಿ, ಸರ್ಟಿಫಿಕೇಟ್, ದುಡ್ಡು ಕಟ್ಟಿದ ರಸೀದಿ, ಎಲ್ಲದರ ಮೇಲೂ ಇರಬೇಕು. ಮಾನ್ಯತೆ ಇರುವ ಪದವಿಗಳನ್ನು, ಇಲ್ಲವೇ ವೃತ್ತಿಯ ಜ್ಞಾನ, ಸಾಧನೆ ತೋರಿಸುವ ಸರ್ಟಿಫಿಕೇಟ್, ಡಿಪ್ಲೊಮಾ, ಸದಸ್ಯತ್ವ, ಗೌರವಗಳನ್ನು ಮಾತ್ರ ಹೆಸರಿನ ಜೊತೆ ಬರೆಯಬೇಕು ಎಂದೂ ಅದೇ ನಿಯಮ ಹೇಳುತ್ತದೆ. ಹಾಗಾಗಿ ನಂಬರ್ ಕೇಳಲು ಸಂಕೋಚ ಬೇಡ. ಒಳ್ಳೆಯ ಡಾಕ್ಟರ್ ಯಾರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಆರ್‌ಎಂಪಿ, ಅಂದರೆ ನೋಂದಣಿ ಆದ ವೈದ್ಯ ಎಂದಷ್ಟೇ ಬರೆದು ನಂಬರ್ ಇಲ್ಲದಿದ್ದರೆ ಅದು ಲೆಕ್ಕಕ್ಕಿಲ್ಲ.

ಈಗ ಹುಡುಕುವುದು. ಅಲೋಪಥಿ ಡಾಕ್ಟರ್ ಆದರೆ ಎರಡು ಕಡೆ ನೋಡಬಹುದು. ಒಂದು ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್, ಅಂದರೆ ಎಂಎಂಸಿಯ ವೆಬ್‌ಸೈಟ್. ಇನ್ನೊಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ್ದು, 2020ರಲ್ಲಿ ಹಳೇ ಮೆಡಿಕಲ್ ಕೌನ್ಸಿಲ್ ಜಾಗಕ್ಕೆ ಬಂದದ್ದು. ನಾನು ಎಂಎಂಸಿಯದನ್ನೇ ಮೊದಲು ನೋಡಿ ಎನ್ನುತ್ತೇನೆ, ಇಲ್ಲಿ ಕೆಲಸ ಮಾಡುವವರ ವಿವರ ಇಲ್ಲೇ ಇರಬೇಕಲ್ಲ. ಆಯುರ್ವೇದದವರು ಇವೆರಡರಲ್ಲೂ ಸಿಗುವುದಿಲ್ಲ. ಅವರಿಗೆ ಮಹಾರಾಷ್ಟ್ರ ಕೌನ್ಸಿಲ್ ಆಫ್ ಇಂಡಿಯನ್ ಮೆಡಿಸಿನ್ ಇದೆ. ಹೋಮಿಯೋಪಥಿಗೂ ಹಲ್ಲಿನವರಿಗೂ ಅವರವರ ಕೌನ್ಸಿಲ್. ಸಿಗಲಿಲ್ಲ ಎಂದ ಕೂಡಲೇ ನಕಲಿ ಎಂದು ಸೊಸೈಟಿಯ ವಾಟ್ಸ್ಯಾಪ್ ಗ್ರೂಪಿನಲ್ಲಿ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ತಪ್ಪು ಪಟ್ಟಿಯಲ್ಲಿ ಹುಡುಕಿ ಒಬ್ಬರ ಮರ್ಯಾದೆ ತೆಗೆಯುವುದು ಪಾಪದ ಕೆಲಸ.

ಹೆಸರು ಹಾಕಿ ಹುಡುಕಬೇಡಿ, ನಂಬರ್ ಹಾಕಿ. ಹೆಸರಿನ ತೊಂದರೆ ಬಹಳ. ಮಹಾರಾಷ್ಟ್ರದ ದಾಖಲೆಗಳಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಆಮೇಲೆ ಅಪ್ಪನದೋ ಗಂಡನದೋ ಹೆಸರು ಬರುವುದು ವಾಡಿಕೆ. ಮದುವೆಗೆ ಮೊದಲೇ ನೋಂದಣಿ ಮಾಡಿಸಿದ ಡಾಕ್ಟರ್ ಮೇಡಂ ಹೆಸರು ಬೋರ್ಡಿನಲ್ಲಿ ಶೆಟ್ಟಿ, ಪಟ್ಟಿಯಲ್ಲಿ ಕುಲಕರ್ಣಿ ಆಗಿರಬಹುದು. ನಮ್ಮ ಕಡೆಯವರ ಇನಿಷಿಯಲ್ ಬಿಚ್ಚಿದರೆ ಊರಿನ ಹೆಸರು ಬರುತ್ತದೆ, ಅದು ಇನ್ನೊಂದು ಗೊಂದಲ.

ನಂಬರ್ ಹಾಕುವಾಗಲೂ ಯಾವ ಕೌನ್ಸಿಲ್, ಯಾವ ವರ್ಷ ಎಂದು ಆರಿಸಲೇಬೇಕು. ಒಂದೇ ನಂಬರ್ ಕರ್ನಾಟಕದಲ್ಲಿ ಒಬ್ಬರದು, ಮಹಾರಾಷ್ಟ್ರದಲ್ಲಿ ಇನ್ನೊಬ್ಬರದು ಆಗಿರುತ್ತದೆ. ಹುಬ್ಬಳ್ಳಿ, ಬೆಳಗಾವಿ, ಮಣಿಪಾಲದಲ್ಲಿ ಓದಿ ಮುಂಬೈಗೆ ಬಂದವರ ಮೊದಲ ನೋಂದಣಿ ಸಾಮಾನ್ಯವಾಗಿ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಇರುತ್ತದೆ. ಇಲ್ಲಿ ಕೆಲಸ ಮಾಡಲು ಎಂಎಂಸಿ ನೋಂದಣಿಯೂ ಬೇಕು. ಬೋರ್ಡಿನಲ್ಲಿ ಕೆಎಂಸಿ ಎಂದಿದ್ದರೆ ಅದು ಮಣಿಪಾಲದ ಕಾಲೇಜೋ ಕರ್ನಾಟಕದ ಕೌನ್ಸಿಲ್ಲೋ ನೋಡಿಕೊಳ್ಳಿ. ಜೊತೆಗೆ ನಂಬರ್ ಇದ್ದರೆ ಕೌನ್ಸಿಲ್.

ಎಂಎಂಸಿಯ ಹೊಸ ನಂಬರುಗಳಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ಕ್ರಮಸಂಖ್ಯೆ, ನಡುವೆ ಓರೆಗೆರೆ. ಗೆರೆಗಳ ಸಮೇತ ಟೈಪ್ ಮಾಡಬೇಕು; ಅವನ್ನು ಬಿಟ್ಟು ಹುಡುಕಿ ಸಿಗುವುದಿಲ್ಲ ಎನ್ನುವವರೇ ಜಾಸ್ತಿ. ಹಿರಿಯ ಡಾಕ್ಟರ್‌ಗಳದು ಬರೀ ಅಂಕಿ. ಐ ಎಂಬ ಇಂಗ್ಲಿಷ್ ಅಕ್ಷರದಿಂದ ಶುರುವಾದರೆ ಅದು ಸಾಮಾನ್ಯವಾಗಿ ಆಯುರ್ವೇದದ ಕೌನ್ಸಿಲ್‌ನದು.

ಹೆಸರು ಸಿಕ್ಕಿತು ಎಂದು ಅಲ್ಲಿಗೇ ಮುಚ್ಚಬೇಡಿ. ಕೆಳಗೆ ಪದವಿಗಳ ಸಾಲು ಇರುತ್ತದೆ. ಬೋರ್ಡಿನಲ್ಲಿ ಎಂ.ಡಿ., ಡಿ.ಎಂ. ಎಂದಿದ್ದು ಪಟ್ಟಿಯಲ್ಲಿ ಎಂಬಿಬಿಎಸ್ ಮಾತ್ರ ಇದ್ದರೆ ಕೇಳಲೇಬೇಕು. ಹೊಸ ಪದವಿಯ ನೋಂದಣಿ ಇನ್ನೂ ಪಟ್ಟಿಗೆ ಏರಿಲ್ಲದೆ ಇರಬಹುದು, ಆಗ ಅವರು ಸರ್ಟಿಫಿಕೇಟ್ ತೋರಿಸುತ್ತಾರೆ. ನವೀಕರಣವನ್ನೂ ನೋಡಿ. ಎಂಎಂಸಿಯಲ್ಲಿ ಐದು ವರ್ಷಕ್ಕೊಮ್ಮೆ ನೋಂದಣಿ ಹೊಸದು ಮಾಡಿಸಬೇಕು. ಅದಕ್ಕೆ ಡಾಕ್ಟರ್‌ಗಳು ತರಬೇತಿ, ಸಮ್ಮೇಳನಗಳಿಗೆ ಹೋಗಿ 30 ಅಂಕ ಗಳಿಸಿರಬೇಕು. ನನ್ನ ಮಟ್ಟಿಗೆ ಬೋರ್ಡಿನ ಹತ್ತು ಅಕ್ಷರಗಳಿಗಿಂತ ಈ ನವೀಕರಣದ ದಿನಾಂಕ ದೊಡ್ಡದು.

ಎಂಎಂಸಿ ಈಚೆಗೆ ಡಾಕ್ಟರ್‌ಗಳಿಗೆ ಕ್ಯೂಆರ್ ಕೋಡ್ ಕೊಡಲು ಶುರು ಮಾಡಿದೆ. ಗೋಡೆಯ ಮೇಲೆ ಇದ್ದರೆ ಸ್ಕ್ಯಾನ್ ಮಾಡಿ. ತೆರೆದ ಪುಟ ಕೌನ್ಸಿಲ್‌ನದೇ ಎಂದು ಮೇಲಿನ ವಿಳಾಸ ನೋಡಿ ಖಾತ್ರಿ ಮಾಡಿಕೊಳ್ಳಿ. ಕ್ಲಿನಿಕ್‌ನ ಸ್ವಂತ ಜಾಹೀರಾತಿಗೆ ಹೋಗುವ ಕೋಡುಗಳೂ ಇರುತ್ತವೆ.

ಹೆಜ್ಜೆ 6: ನರ್ಸಿಂಗ್ ಹೋಮ್, ಲ್ಯಾಬ್ ಆದರೆ

ಅಡ್ಮಿಟ್ ಆಗುವ ಜಾಗವಾದರೆ 1949ರ ನರ್ಸಿಂಗ್ ಹೋಮ್ ಕಾಯ್ದೆಯ ನೋಂದಣಿ ಪತ್ರ ಗೋಡೆಯ ಮೇಲೆ ಇದೆಯೇ ನೋಡಿ. ಅದರ ಅವಧಿ ಮುಗಿದಿರಬಾರದು. ಎನ್‌ಎಬಿಎಚ್ ಗುರುತು ಇದ್ದರೆ ಆಸ್ಪತ್ರೆಯ ವ್ಯವಸ್ಥೆಯನ್ನು ಹೊರಗಿನವರು ಬಂದು ಪರೀಕ್ಷಿಸಿದ್ದಾರೆ ಎಂದರ್ಥ. ಡಾಕ್ಟರ್ ಕೈಗುಣಕ್ಕೆ ಅದು ಸರ್ಟಿಫಿಕೇಟ್ ಅಲ್ಲ. ಐಎಸ್‌ಒ ಎಂದು ದೊಡ್ಡದಾಗಿ ಬರೆದಿದ್ದರೆ ಅದು ಆಡಳಿತದ ಕ್ರಮಕ್ಕೆ ಸಂಬಂಧಪಟ್ಟದ್ದು.

ಲ್ಯಾಬ್ ರಿಪೋರ್ಟಿನಲ್ಲಿ ಕೊನೆಯ ಸಹಿ ಮುಖ್ಯ. ಪೆಥಾಲಜಿಯಲ್ಲಿ ಸ್ನಾತಕೋತ್ತರ ಓದಿದ, ನೋಂದಣಿ ಇರುವ ಡಾಕ್ಟರೇ ಸಹಿ ಮಾಡಬೇಕು ಎಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಟೆಕ್ನಿಷಿಯನ್ ಸಹಿ ಮಾತ್ರ ಇದ್ದರೆ ವಾಪಸ್ ಕೊಟ್ಟು ಕೇಳಿ. ಲ್ಯಾಬುಗಳಿಗೆ ಕೊಡುವ ಎನ್‌ಎಬಿಎಲ್ ಮಾನ್ಯತೆಯ ಗುರುತು ಇದ್ದರೂ ಅದು ಆ ಲ್ಯಾಬಿನ ಎಲ್ಲ ಟೆಸ್ಟಿಗೂ ಅನ್ವಯ ಎಂದುಕೊಳ್ಳಬೇಡಿ. ಯಾವ ಟೆಸ್ಟುಗಳಿಗೆ ಮಾನ್ಯತೆ ಇದೆ ಎಂಬ ಪಟ್ಟಿ ಬೇರೆ ಇರುತ್ತದೆ.

ತಾಳೆ ಆಗದಿದ್ದರೆ

ಮೊದಲು ಡಾಕ್ಟರನ್ನೇ ಕೇಳಿ, ಮರ್ಯಾದೆಯಿಂದ. ಉತ್ತರ ಸರಿ ಬರಲಿಲ್ಲ ಎಂದರೆ ಚೀಟಿ, ರಸೀದಿ, ಬೋರ್ಡಿನ ಫೋಟೋ ಜೋಡಿಸಿ ಸಂಬಂಧಪಟ್ಟ ಕೌನ್ಸಿಲ್‌ಗೆ ಲಿಖಿತ ದೂರು ಕೊಡಿ. ನೋಂದಣಿಯೇ ಇಲ್ಲದವರ ವಿಷಯ ಆದರೆ ಮುಂಬೈಯಲ್ಲಿ ನಿಮ್ಮ ವಾರ್ಡಿನ ಬಿಎಂಸಿ ಆರೋಗ್ಯಾಧಿಕಾರಿಗೂ ಪೊಲೀಸರಿಗೂ ತಿಳಿಸಬೇಕು. ಪುಣೆಯಲ್ಲಿ ಮಹಾನಗರಪಾಲಿಕೆಯ ಆರೋಗ್ಯ ವಿಭಾಗಕ್ಕೆ. ಅಲ್ಲಿ ತೋರಿಸಿದ ಚೀಟಿಗಳನ್ನು ಎಸೆಯಬೇಡಿ. ಕೊಟ್ಟ ಔಷಧಿಯ ಖಾಲಿ ಸ್ಟ್ರಿಪ್‌ಗಳನ್ನೂ ಇಟ್ಟುಕೊಳ್ಳಿ. ಮುಂದೆ ನೋಡುವ ಡಾಕ್ಟರ್‌ಗೆ ಏನೇನು ಕೊಡಲಾಗಿದೆ ಎಂದು ತಿಳಿಯಲು ಅವು ಬೇಕಾಗುತ್ತವೆ.